ಸಿಡ್ನಿಗೆ ಹತ್ತು ವರ್ಷ, ಮೆಲ್ಬರ್ನಿಗೆ ಏಳು

ಆಸ್ಟ್ರೇಲಿಯಾದಲ್ಲಿ ಒಂದೇ ಕಡೆ ಬಹುಕಾಲ ದುಡಿದವರಿಗೆ ‘ಲಾಂಗ್ ಸರ್ವಿಸ್ ಲೀವ್’ ಎಂಬ ಸಂಬಳಸಹಿತ ದೀರ್ಘ ರಜೆ ಉಂಟು. 1860ರ ದಶಕದಲ್ಲಿ ವಿಕ್ಟೋರಿಯಾ ಮತ್ತು ಸೌತ್ ಆಸ್ಟ್ರೇಲಿಯಾ ವಸಾಹತುಗಳ ಸರ್ಕಾರಿ ನೌಕರರಿಗಾಗಿ ಹುಟ್ಟಿದ ಸವಲತ್ತು ಇದು. ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ನಂಟರಿಷ್ಟರ ಮುಖ ನೋಡಿ ಬರಲು ವಾರಗಳು ಸಾಲುತ್ತಿರಲಿಲ್ಲ, ತಿಂಗಳುಗಳೇ ಬೇಕಿದ್ದವು. ಈಗ ಅದೇ ರಜೆ ಹಾಕಿ ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಿಂದಲೋ ಮೆಲ್ಬರ್ನಿನ ಟಾರ್ನೀಟ್‌ನಿಂದಲೋ ನಮ್ಮವರು ಮೈಸೂರಿಗೆ, ದಾವಣಗೆರೆಗೆ ಬಂದು ಮದುವೆ-ಮುಂಜಿ ಮುಗಿಸಿಕೊಂಡು ಹೋಗುತ್ತಾರೆ.

ಆದರೆ ಸಿಡ್ನಿಯವರ ರಜೆ ಬೇರೆ, ಮೆಲ್ಬರ್ನಿನವರ ರಜೆ ಬೇರೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ 1955ರ ಕಾಯ್ದೆ ನಡೆಯುತ್ತದೆ: ಹತ್ತು ವರ್ಷ ತುಂಬಿದರೆ ಎರಡು ತಿಂಗಳು. ಮೆಲ್ಬರ್ನ್ ಇರುವ ವಿಕ್ಟೋರಿಯಾದಲ್ಲಿ 2018ರ ಕಾಯ್ದೆ: ಏಳು ವರ್ಷ ತುಂಬಿದರೆ ಸಾಕು, ದುಡಿದ ಒಟ್ಟು ವಾರಗಳ ಅರವತ್ತರಲ್ಲೊಂದು ಪಾಲು. ಏಳು ವರ್ಷಕ್ಕೆ ಆರು ವಾರಕ್ಕಿಂತ ಚೂರು ಹೆಚ್ಚು ಬರುತ್ತದೆ. ಈ ಏಳೂ ಮೊದಲಿನಿಂದ ಇದ್ದದ್ದಲ್ಲ. 2018ರ ನವೆಂಬರ್ 1ಕ್ಕೆ ಮುಂಚೆ ವಿಕ್ಟೋರಿಯಾದಲ್ಲೂ ರಜೆಗೆ ಹತ್ತು ವರ್ಷ ಕಾಯಬೇಕಿತ್ತು.

ಎರಡೂ ಊರಿನಲ್ಲಿ ಕಚೇರಿ ಇರುವ ಒಂದು ಕಂಪನಿಯ ಸಂಬಳದ ತಂತ್ರಾಂಶವನ್ನು ಯೋಚಿಸಿ. ನೌಕರರ ವಿವರ ಒಂದೇ ಡೇಟಾಬೇಸಿನಲ್ಲಿದೆ, ಅದಕ್ಕೆ ಅನ್ವಯಿಸುವ ಕಾನೂನು ಮಾತ್ರ ಎರಡು. ಇಂಥ ಪ್ರೋಗ್ರಾಮುಗಳ ಒಳಗೆ ಇಣುಕಿದವರಿಗೆ ಅಲ್ಲಿ ಏನಿರುತ್ತದೆಂದು ಗೊತ್ತು. ‘ರಜೆ ಲೆಕ್ಕ ಹಾಕು’ ಎಂಬ ಒಂದು ಮೆಥಡ್, ಉದ್ದ ಮುನ್ನೂರು ಸಾಲು. ಮೊದಲ ಸಾಲಲ್ಲೇ ಡೇಟಾಬೇಸಿಗೆ ಸಂಪರ್ಕ ತೆರೆಯುತ್ತದೆ. ಎರಡನೆಯದರಲ್ಲಿ ಉದ್ದನೆಯ ಎಸ್‌ಕ್ಯೂಎಲ್ ಕ್ವೆರಿ, ಅದರ ಬಾಲದಲ್ಲಿ ‘ರಾಜ್ಯ ವಿಕ್ಟೋರಿಯಾ ಆಗಿದ್ದು, ಸೇರಿದ ದಿನಾಂಕ ಏಳು ವರ್ಷಕ್ಕಿಂತ ಹಿಂದಿನದಾಗಿದ್ದರೆ’ ಎಂಬ ಷರತ್ತು. ಬಂದ ಸಾಲುಗಳನ್ನು ಒಂದೊಂದಾಗಿ ಎತ್ತಿಕೊಳ್ಳುವ ಲೂಪಿನೊಳಗೆ, ಯಾವುದಾದರೂ ಕಾಲಮ್ಮು ಖಾಲಿಯಿದ್ದರೆ ಅದನ್ನು ಹಳೆಯ ಟೇಬಲ್ಲಿನಿಂದ ತೆಗೆದುಕೊಳ್ಳುವ ಇನ್ನೊಂದು ಕ್ವೆರಿ. ಅದರ ಕೆಳಗೆ ಅರವತ್ತರಿಂದ ಭಾಗಿಸುವ ಒಂದು ಸಾಲು. ಅದರ ಕೆಳಗೆ ಫಲಿತಾಂಶವನ್ನು ಮತ್ತೆ ಡೇಟಾಬೇಸಿಗೆ ಬರೆಯುವ ಸಾಲುಗಳು. ಎಲ್ಲೋ ನಡುವೆ ನ್ಯೂ ಸೌತ್ ವೇಲ್ಸ್‌ಗೆಂದು ಒಂದು ‘ಇಫ್’. ಇಷ್ಟರಲ್ಲಿ ಶಾಸನಸಭೆ ಮಾಡಿದ ಕಾನೂನು ಎಂದರೆ ಆರೇಳು ಸಾಲು ಮಾತ್ರ. ಮಿಕ್ಕದ್ದೆಲ್ಲ ತರುವ-ಇಡುವ ಕೆಲಸ. ಆ ಆರೇಳು ಸಾಲನ್ನು ಒಬ್ಬ ವಕೀಲನ ಮುಂದಿಟ್ಟು ‘ಇದು ಸರಿಯೇ ನೋಡಿ’ ಎಂದು ಕೇಳಬೇಕಾದರೆ ಅವನ್ನು ಹೆಕ್ಕಿ ತೆಗೆಯುವುದರಲ್ಲೇ ಒಂದು ದಿನ ಹೋಗುತ್ತದೆ.

ತಾಲ್ಲೂಕು ಕಚೇರಿಯಲ್ಲಿ ರೆಕಾರ್ಡ್ ರೂಮಿನ ಗುಮಾಸ್ತ ಕಡತ ತಂದುಕೊಡುತ್ತಾನೆ, ತಹಸೀಲ್ದಾರರು ತೀರ್ಮಾನ ಬರೆಯುತ್ತಾರೆ. ಯಾವ ಗೂಡಿನಲ್ಲಿ ಯಾವ ಕಟ್ಟಿದೆ ಎಂಬುದು ತಹಸೀಲ್ದಾರರಿಗೆ ಬೇಡ, ಜಮೀನು ಯಾರದೆಂಬ ತೀರ್ಮಾನ ಗುಮಾಸ್ತನಿಗೆ ಬೇಡ. ಇಬ್ಬರ ಕೆಲಸವನ್ನೂ ಒಬ್ಬನೇ ಮಾಡಿದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗಿನಲ್ಲಿ ಡೇಟಾ ಆ್ಯಕ್ಸೆಸ್ ಮತ್ತು ಬ್ಯುಸಿನೆಸ್ ಲಾಜಿಕ್ ಬೇರೆಯಿರಲಿ ಎನ್ನುವುದು ಈ ಅರ್ಥದಲ್ಲೇ. ನಿಯಮಕ್ಕೊಂದು ಕ್ಲಾಸ್: ವಿಕ್ಟೋರಿಯಾದ ರಜೆ ನಿಯಮ. ಅದಕ್ಕೆ ಸೇವಾವಧಿಯನ್ನು ಕೊಟ್ಟರೆ ಇಷ್ಟು ವಾರ ಎಂದು ಹೇಳುತ್ತದೆ. ಆ ಸೇವಾವಧಿ ಒರೇಕಲ್‌ನಿಂದ ಬಂತೋ, ಎಕ್ಸೆಲ್ ಹಾಳೆಯಿಂದ ಬಂತೋ ಅದಕ್ಕೆ ತಿಳಿಯದು. ತರುವ ಕೆಲಸಕ್ಕೆ ಇನ್ನೊಂದು ಕ್ಲಾಸ್, ರೂಢಿಯಲ್ಲಿ ಅದನ್ನು ರೆಪಾಸಿಟರಿ ಎನ್ನುತ್ತಾರೆ. ‘ಈ ನಂಬರಿನ ನೌಕರನನ್ನು ಕೊಡು’ ಎಂದರೆ ಕೊಡುತ್ತದೆ. ಅವನಿಗೆ ರಜೆ ಉಂಟೋ ಇಲ್ಲವೋ ಎಂಬ ಗೊಡವೆಗೆ ಅದು ಹೋಗುವುದಿಲ್ಲ.

ಪಠ್ಯಪುಸ್ತಕಗಳು ಇದಕ್ಕೆ ಕೊಡುವ ಕಾರಣ ಸಾಮಾನ್ಯವಾಗಿ ಒಂದೇ: ನಾಳೆ ಡೇಟಾಬೇಸ್ ಬದಲಾಯಿಸಬೇಕಾದರೆ ಸುಲಭ. ನನಗೆ ಈ ಕಾರಣದಲ್ಲಿ ಅಷ್ಟು ನಂಬಿಕೆಯಿಲ್ಲ. ಸಾಮಾನ್ಯ ಕಂಪನಿಯೊಂದು ಒರೇಕಲ್ ಬಿಟ್ಟು ಪೋಸ್ಟ್‌ಗ್ರೆಸ್‌ಗೆ ಹೋಗುವುದು ಮನೆ ಬದಲಿಸಿದಷ್ಟು ಸಲೀಸಲ್ಲ. ಬಹಳಷ್ಟು ತಂತ್ರಾಂಶಗಳು ಹುಟ್ಟಿದ ಡೇಟಾಬೇಸಿನ ಜೊತೆಯಲ್ಲೇ ಸಾಯುತ್ತವೆ. ನಿಜವಾಗಿ ಬದಲಾಗುವುದು ನಿಯಮ. ವಿಕ್ಟೋರಿಯಾದ ಹತ್ತು ಏಳಾಯಿತಲ್ಲ, ಹಾಗೆ. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರಲ್ಲೇ ಒಂದು ಪ್ರಬಂಧದಲ್ಲಿ ಪ್ರೋಗ್ರಾಮನ್ನು ತುಂಡು ಮಾಡಬೇಕಾದದ್ದು ಕೆಲಸ ನಡೆಯುವ ಕ್ರಮ ನೋಡಿ ಅಲ್ಲ, ಯಾವ್ಯಾವ ತೀರ್ಮಾನ ಮುಂದೆ ಬದಲಾಗಬಹುದು ಎಂದು ನೋಡಿ ಎಂದು ವಾದಿಸಿದ್ದರು. ಬದಲಾಗುವ ಪ್ರತಿಯೊಂದು ತೀರ್ಮಾನವೂ ಒಂದೊಂದು ತುಂಡಿನ ಒಳಗೆ ಅಡಗಿರಲಿ ಎಂಬುದು ಅವರ ಲೆಕ್ಕ. ಐವತ್ತು ವರ್ಷ ಕಳೆದರೂ ಅದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ.

ಪರೀಕ್ಷೆ ಮಾಡುವವರಿಗಂತೂ ಇದು ಬದುಕಿನ ಪ್ರಶ್ನೆ. ಆರು ವರ್ಷ ಹನ್ನೊಂದು ತಿಂಗಳು ಇಪ್ಪತ್ತೊಂಬತ್ತು ದಿನ ದುಡಿದವನಿಗೆ ಏನು? ಸರಿಯಾಗಿ ಏಳಕ್ಕೆ ಬಿಟ್ಟವನಿಗೆ? ಫೆಬ್ರುವರಿ 29ರಂದು ಸೇರಿದವಳಿಗೆ? ನಡುವೆ ಹೆರಿಗೆ ರಜೆ ಹಾಕಿದವಳಿಗೆ? ವಿಕ್ಟೋರಿಯಾದ ಹೊಸ ಕಾಯ್ದೆಯಲ್ಲಿ 52 ವಾರದವರೆಗಿನ ಸಂಬಳವಿಲ್ಲದ ಹೆರಿಗೆ-ಪಾಲನೆ ರಜೆಯೂ ಸೇವೆಯ ಲೆಕ್ಕಕ್ಕೆ ಸೇರುತ್ತದೆ. ನಿಯಮ ಪ್ರತ್ಯೇಕವಾಗಿದ್ದರೆ ಇಂಥ ನೂರು ಪ್ರಶ್ನೆ ಒಂದು ಸೆಕೆಂಡಿನೊಳಗೆ ಕೇಳಿ ಉತ್ತರ ಪಡೆಯಬಹುದು. ಡೇಟಾಬೇಸಿನೊಂದಿಗೆ ಬೆಸೆದುಕೊಂಡಿದ್ದರೆ ಪ್ರತಿ ಪ್ರಶ್ನೆಗೂ ನಾಲ್ಕಾರು ಟೇಬಲ್ಲಿನಲ್ಲಿ ಸುಳ್ಳು ನೌಕರನನ್ನು ಹುಟ್ಟಿಸಿ, ಕೇಳಿ, ಆಮೇಲೆ ಅಳಿಸಬೇಕು. ಅಷ್ಟು ತಾಳ್ಮೆ ಯಾರಿಗಿರುತ್ತದೆ? ಕೇಳುವುದನ್ನೇ ಬಿಡುತ್ತಾರೆ. ವೂಲ್‌ವರ್ತ್ಸ್‌ನಂಥ ದೈತ್ಯ ಕಂಪನಿಯೂ ವಿಕ್ಟೋರಿಯಾದಲ್ಲಿ ಕೆಲಸ ಬಿಟ್ಟ 1,200ಕ್ಕೂ ಹೆಚ್ಚು ಮಂದಿಗೆ ಈ ರಜೆಯ ಬಾಬ್ತು 10 ಲಕ್ಷ ಡಾಲರಿಗೂ ಮಿಗಿಲಾದ ಹಣ ಕೊಟ್ಟಿರಲಿಲ್ಲವೆಂದು ನ್ಯಾಯಾಲಯದಲ್ಲಿ ದಂಡ ತೆತ್ತಿದೆ. ಅವರ ತಂತ್ರಾಂಶದ ಒಳಗೇನಿತ್ತು ಎಂದು ಹೇಳುವ ಹಕ್ಕು ನನಗಿಲ್ಲ. ಇಷ್ಟು ಮಾತ್ರ ನಿಜ, ಈ ಲೆಕ್ಕ ತಪ್ಪಿದರೆ ಅಲ್ಲಿ ಕೇಳುವವರಿದ್ದಾರೆ.

ಈ ಬೇರ್ಪಡಿಸುವ ಕಲೆಗೆ ಆಸ್ಟ್ರೇಲಿಯಾದ ಕೊಡುಗೆ ಚಿಕ್ಕದಲ್ಲ. ಜಾವಾದಲ್ಲಿ ಪ್ರೋಗ್ರಾಮ್ ಬರೆಯುವ ಬೆಂಗಳೂರಿನ ಯಾರನ್ನೇ ಕೇಳಿ, ಹೈಬರ್ನೇಟ್ ಗೊತ್ತು ಎನ್ನುತ್ತಾರೆ. ಅದನ್ನು 2001ರಲ್ಲಿ ಶುರು ಮಾಡಿದ್ದು ಆಸ್ಟ್ರೇಲಿಯಾದ ಗ್ಯಾವಿನ್ ಕಿಂಗ್ ಮತ್ತು ಅವರ ಸಹೋದ್ಯೋಗಿಗಳು. ಆಗ ಜಾವಾ ಲೋಕದಲ್ಲಿ ಇದ್ದದ್ದು ಎಂಟಿಟಿ ಬೀನ್ ಎಂಬ ಸರ್ಕಾರಿ ಶೈಲಿಯ ವ್ಯವಸ್ಥೆ. ಒಬ್ಬ ನೌಕರನನ್ನು ಪ್ರತಿನಿಧಿಸಲು ಎರಡು ಮೂರು ಇಂಟರ್‌ಫೇಸ್, ಒಂದು ಕ್ಲಾಸ್, ಮೇಲಿಷ್ಟು ಎಕ್ಸ್‌ಎಂಎಲ್ ಬರೆಯಬೇಕು. ಇಷ್ಟಾದ ಮೇಲೂ ದೊಡ್ಡ ಸರ್ವರ್ ಚಾಲೂ ಇಲ್ಲದೆ ಆ ನೌಕರ ಉಸಿರಾಡುತ್ತಿರಲಿಲ್ಲ. ಹೈಬರ್ನೇಟ್ ಹೇಳಿದ್ದು ಸರಳ: ನೀವು ಮಾಮೂಲಿ ಜಾವಾ ಕ್ಲಾಸ್ ಬರೆಯಿರಿ, ಯಾವ ಫೀಲ್ಡ್ ಯಾವ ಕಾಲಮ್ಮಿಗೆ ಹೋಗಬೇಕೆಂದು ಪಕ್ಕದಲ್ಲಿ ತಿಳಿಸಿ, ಎಸ್‌ಕ್ಯೂಎಲ್ ನಾನು ಬರೆದುಕೊಳ್ಳುತ್ತೇನೆ. ಈ ವಿಚಾರ ಎಷ್ಟು ಹಿಡಿಸಿತೆಂದರೆ 2006ರಲ್ಲಿ ಜಾವಾದ ಅಧಿಕೃತ ಪರ್ಸಿಸ್ಟೆನ್ಸ್ ಮಾನದಂಡವೇ ಬಹುಮಟ್ಟಿಗೆ ಹೈಬರ್ನೇಟ್ ಜಾಡಿನಲ್ಲಿ ಬಂತು.

ಆದರೆ ಗೋಡೆ ಕಟ್ಟಿದ ಮಾತ್ರಕ್ಕೆ ಆಚೆಯ ಸದ್ದು ಕೇಳದೇ ಇರುವುದಿಲ್ಲ. ನೂರು ನೌಕರರ ಪಟ್ಟಿ ತಂದು, ಪ್ರತಿಯೊಬ್ಬರ ರಜೆ ಇತಿಹಾಸ ಮುಟ್ಟಿದರೆ ಹೈಬರ್ನೇಟ್ ಹಿಂದಿನಿಂದ ಸದ್ದಿಲ್ಲದೆ ನೂರು ಬಾರಿ ಡೇಟಾಬೇಸಿಗೆ ಓಡಬಹುದು. ಪಟ್ಟಿಗೊಂದು ಸೇರಿ ನೂರೊಂದು ಕ್ವೆರಿ. ಬರೆದವನ ಕಣ್ಣಿಗೆ ಕಾಣುವುದು ಒಂದು ಅಮಾಯಕ ಲೂಪ್. ಸಂಪರ್ಕ ಮುಚ್ಚಿದ ಮೇಲೆ ಇತಿಹಾಸ ಮುಟ್ಟಿದರೆ ‘ಲೇಜಿ ಇನಿಶಿಯಲೈಸೇಶನ್’ ಎಂಬ ಎಕ್ಸೆಪ್ಶನ್ ಎಸೆಯುತ್ತದೆ. ಅದರ ಕಾಟ ಅನುಭವಿಸದ ಜಾವಾ ಪ್ರೋಗ್ರಾಮರ್ ಇದ್ದರೆ ಅವರು ಕೆಲಸಕ್ಕೆ ಸೇರಿ ತಿಂಗಳಾಗಿಲ್ಲ ಎಂದರ್ಥ. ಇನ್ನೊಂದು ಸೂಕ್ಷ್ಮವೂ ಇದೆ. ಟೇಬಲ್ಲಿನ ಆಕಾರವನ್ನೇ ಕ್ಲಾಸಿಗೂ ಕೊಟ್ಟುಬಿಟ್ಟರೆ, ಹೆಸರಿಗೆ ಆಬ್ಜೆಕ್ಟ್, ಒಳಗೆ ಬರೀ ಕಾಲಮ್ಮುಗಳು. ನಿಯಮಗಳೆಲ್ಲ ‘ಸರ್ವಿಸ್’ ಎಂಬ ಇನ್ನೊಂದು ಕ್ಲಾಸಿಗೆ ವಲಸೆ ಹೋಗಿ, ಆಬ್ಜೆಕ್ಟ್ ಎಂಬುದು ಚೀಲವಾಗಿ ಉಳಿಯುತ್ತದೆ. ತಂತ್ರಾಂಶ ವಿನ್ಯಾಸದ ಬಗ್ಗೆ ಬರೆಯುವ ಮಾರ್ಟಿನ್ ಫೌಲರ್ ಇದನ್ನು ರಕ್ತಹೀನ ಮಾದರಿ ಎಂದು ಬೈದಿದ್ದಾರೆ. ಅವರ ಬೈಗುಳ ತುಸು ಜಾಸ್ತಿಯಾಯಿತು ಎನ್ನುವ ಪಕ್ಷ ನನ್ನದು. ನಿಯಮ ಒಂದೇ ಕಡೆ, ಓದುವ ಹಾಗೆ ಇದ್ದರೆ ಅದು ಯಾವ ಕ್ಲಾಸಿನಲ್ಲಿದ್ದರೂ ನನಗೆ ತಕರಾರಿಲ್ಲ.

ಡೇಟಾಬೇಸ್ ಬದಲಾಗುವುದೇ ಇಲ್ಲ ಎಂದೆನಷ್ಟೆ, ಅದಕ್ಕೊಂದು ದೊಡ್ಡ ಅಪವಾದ ಸಿಡ್ನಿಯಲ್ಲೇ ಇದೆ. ಯೂನಿವರ್ಸಿಟಿ ಆಫ್ ನ್ಯೂ ಸೌತ್ ವೇಲ್ಸ್‌ನ ಸಹಪಾಠಿಗಳಾದ ಮೈಕ್ ಕ್ಯಾನನ್-ಬ್ರೂಕ್ಸ್ ಮತ್ತು ಸ್ಕಾಟ್ ಫಾರ್ಕರ್ 2002ರಲ್ಲಿ ಕ್ರೆಡಿಟ್ ಕಾರ್ಡಿನ ಸಾಲದಲ್ಲಿ ಕಟ್ಟಿದ ತಂತ್ರಾಂಶ ಕಂಪನಿ ಅಟ್ಲಾಸಿಯನ್. ಇವತ್ತು ಬೆಳಗ್ಗೆ ಎದ್ದರೆ ‘ಜಿರಾ ಟಿಕೆಟ್’ ಎನ್ನುವ ನಮ್ಮ ಐಟಿ ಮಂದಿಯ ಬಾಯಲ್ಲಿರುವುದು ಇವರ ಸರಕು. ಮೊದಲ ವರ್ಷಗಳಲ್ಲಿ ಅವರು ಮುಖ್ಯವಾಗಿ ಮಾರಿದ್ದು ಗಿರಾಕಿ ತನ್ನ ಸರ್ವರಿನಲ್ಲಿ ತಾನೇ ಹಾಕಿಕೊಳ್ಳುವ ತಂತ್ರಾಂಶ. ಒಬ್ಬನ ಹತ್ತಿರ ಒರೇಕಲ್, ಇನ್ನೊಬ್ಬನಲ್ಲಿ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್, ಮತ್ತೊಬ್ಬನಲ್ಲಿ ಪೋಸ್ಟ್‌ಗ್ರೆಸ್. ‘ನಮ್ಮ ನಿಯಮಕ್ಕೆ ನಿಮ್ಮ ಡೇಟಾಬೇಸ್ ಹೊಂದುವುದಿಲ್ಲ’ ಎಂದರೆ ವ್ಯಾಪಾರ ಕೆಟ್ಟಂತೆಯೇ. ಹಾಗಾಗಿ ಅವರ ಕಾನ್‌ಫ್ಲುಯೆನ್ಸ್‌ನೊಳಗೆ ಹೈಬರ್ನೇಟ್ ಕೂತಿತು, ಜಿರಾದೊಳಗೆ ಓಎಫ್‌ಬಿಜ್ ಎಂಬ ಮುಕ್ತ ತಂತ್ರಾಂಶದ ಎಂಟಿಟಿ ಎಂಜಿನ್. ಇಲ್ಲಿ ಬೇರ್ಪಡಿಸುವಿಕೆ ಹೊಟ್ಟೆಪಾಡಿನ ಸಂಗತಿಯಾಗಿತ್ತು.

ಅದೇ ಅಟ್ಲಾಸಿಯನ್ 2022ರ ಏಪ್ರಿಲ್ 5ರಂದು ಇನ್ನೊಂದು ಪಾಠವನ್ನೂ ಲೋಕದ ಮುಂದಿಟ್ಟಿತು. ಅಷ್ಟರಲ್ಲಿ ಅದು ಕ್ಲೌಡ್ ಕಂಪನಿಯಾಗಿತ್ತು. ಹಳೆಯದೊಂದು ಆ್ಯಪನ್ನು ಗಿರಾಕಿಗಳ ಸೈಟುಗಳಿಂದ ತೆಗೆಯಬೇಕಿತ್ತು. ಒಂದು ತಂಡ ಇನ್ನೊಂದಕ್ಕೆ ಅಳಿಸಬೇಕಾದ ಗುರುತಿನ ಸಂಖ್ಯೆಗಳ ಪಟ್ಟಿ ಕಳಿಸಿತು. ಕಳಿಸಬೇಕಿದ್ದದ್ದು ಆ್ಯಪಿನ ಸಂಖ್ಯೆ, ಕಳಿಸಿದ್ದು ಇಡೀ ಸೈಟಿನ ಸಂಖ್ಯೆ. ಅಳಿಸುವ ಎಪಿಐ ಎರಡು ಬಗೆಯ ಸಂಖ್ಯೆಯನ್ನೂ ತೆಗೆದುಕೊಳ್ಳುತ್ತಿತ್ತು, ಯಾವುದು ಬಂದಿದೆ ಎಂದು ಕೇಳುತ್ತಿರಲಿಲ್ಲ. ಅರ್ಧ ಗಂಟೆಯೂ ಆಗುವ ಮುನ್ನ 883 ಸೈಟುಗಳು ಮಾಯ. 775 ಗಿರಾಕಿಗಳು ಕೈಕಟ್ಟಿ ಕೂತರು, ಕೆಲವರಿಗೆ ಎಲ್ಲ ವಾಪಸ್ ಸಿಗಲು ಎರಡು ವಾರ ಹಿಡಿಯಿತು. ಕಂಪನಿಯೇ ಆಮೇಲೆ ಇದನ್ನೆಲ್ಲ ವಿವರವಾಗಿ ಬರೆದು ಪ್ರಕಟಿಸಿತು, ಅದು ಮೆಚ್ಚಬೇಕಾದ ಮಾತು.

ಗುಮಾಸ್ತ ಬಾಯಿ ಮುಚ್ಚಿಕೊಂಡು ತಂದುಕೊಡಲಿ ಎಂದವರಿಗೆ ಇದು ತೊಡಕಿನ ಪ್ರಶ್ನೆ ಹಾಕುತ್ತದೆ. ‘ಅಳಿಸು’ ಎಂಬುದು ಬರೀ ಡೇಟಾ ಆ್ಯಕ್ಸೆಸ್ಸೇ? ಟೇಬಲ್ಲಿನ ಮಟ್ಟದಲ್ಲಿ ಹೌದು. ಆದರೆ ‘ಗಿರಾಕಿಯ ಸೈಟನ್ನು ಅಳಿಸು’ ಎಂದ ಕೂಡಲೇ ಅದು ಕಂಪನಿಯ ಅತಿ ಗಂಭೀರ ತೀರ್ಮಾನ: ಯಾರು ಕೇಳಬಹುದು, ಎಷ್ಟು ದಿನ ಕಾಯಬೇಕು, ಮೊದಲು ಗುರುತು ಹಾಕಿಟ್ಟು ಆಮೇಲೆ ಅಳಿಸಬೇಕೇ. ಇವೆಲ್ಲ ನಿಯಮ. ಜಾವಾದಂಥ ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಯಲ್ಲಿ ಆ್ಯಪಿನ ಗುರುತು ಒಂದು ಟೈಪು, ಸೈಟಿನ ಗುರುತು ಇನ್ನೊಂದು ಟೈಪು ಎಂದು ಮಾಡಿದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೊಡುವ ಕೋಡು ಕಂಪೈಲ್ ಆಗುವ ಹಂತದಲ್ಲೇ ಸಿಕ್ಕಿಬೀಳುತ್ತದೆ. ಎರಡನ್ನೂ ಬರೀ ಅಕ್ಷರಸರಣಿಯೆಂದು ಕಾಣುವುದು ಡೇಟಾಬೇಸಿನ ಕಣ್ಣು. ನಿಯಮದ ಕಣ್ಣಿಗೆ ಅವು ಎರಡು ಬೇರೆ ಬೇರೆ ವಸ್ತು.

ರಜೆಗೆ ಬರೋಣ. ವಿಕ್ಟೋರಿಯಾದಲ್ಲಿ ಈ ತಿಂಗಳು ಏಳು ವರ್ಷ ತುಂಬುವವರ ಪಟ್ಟಿ ಬೇಕು ಎಂದು ಎಚ್‌ಆರ್ ಕೇಳುತ್ತದೆ. ಲಕ್ಷ ನೌಕರರಿದ್ದರೆ ಅವರೆಲ್ಲರನ್ನೂ ಮೆಮೊರಿಗೆ ತಂದು ಒಬ್ಬೊಬ್ಬರನ್ನೇ ನಿಯಮದ ಕ್ಲಾಸಿಗೆ ತೋರಿಸಿ ಕೇಳುತ್ತಾ ಕೂರಲು ಆಗುವುದಿಲ್ಲ. ಕ್ವೆರಿಯಲ್ಲೇ ಏಳು ಎಂದು ಬರೆಯುವುದು ಸಹಜ. ಬರೆದ ಕ್ಷಣ ನಿಯಮ ಎರಡು ಕಡೆಯಾಯಿತು. ನಾಳೆ ಕಾಯ್ದೆ ಬದಲಾದಾಗ ಕ್ಲಾಸಿನಲ್ಲಿ ಸರಿಪಡಿಸುತ್ತಾರೆ, ಕ್ವೆರಿಯಲ್ಲಿ ಮರೆಯುತ್ತಾರೆ. ಆಗ ರಜೆ ಲೆಕ್ಕ ಸರಿಯಾಗಿರುತ್ತದೆ, ಪಟ್ಟಿಯಲ್ಲಿ ಮಾತ್ರ ಅರ್ಧ ಜನ ಇರುವುದಿಲ್ಲ. ಕಣ್ಣಿಗೆ ಬೀಳದೆ ವರ್ಷಗಟ್ಟಲೆ ಉಳಿಯುವ ತಪ್ಪು ಇಂಥದ್ದೇ.

ಇದಕ್ಕೆ ಶುದ್ಧ ಪರಿಹಾರ ಇಲ್ಲ. ಎರಿಕ್ ಇವಾನ್ಸ್ ಮತ್ತು ಫೌಲರ್ ಸೇರಿ ‘ಸ್ಪೆಸಿಫಿಕೇಶನ್’ ಎಂಬ ಒಂದು ಮಾದರಿ ಕೊಟ್ಟಿದ್ದಾರೆ: ಷರತ್ತನ್ನೇ ಒಂದು ಆಬ್ಜೆಕ್ಟ್ ಮಾಡಿ, ಮೆಮೊರಿಯಲ್ಲಿರುವವರನ್ನು ಪರೀಕ್ಷಿಸಲೂ ಅದನ್ನೇ ಬಳಸಿ, ಕ್ವೆರಿ ಕಟ್ಟಲೂ ಅದನ್ನೇ ಬಳಸಿ. ಕಾಗದದ ಮೇಲೆ ಚೆಂದ, ಕೈಯಲ್ಲಿ ತುಸು ಭಾರ. ನನಗೆ ಒಗ್ಗಿದ್ದು ಒರಟು ದಾರಿ. ಕ್ವೆರಿ ದೊಡ್ಡ ಕಣ್ಣಿನ ಜರಡಿಯಾಗಿರಲಿ, ಆರು ವರ್ಷ ದಾಟಿದವರನ್ನೆಲ್ಲ ತರಲಿ. ಯಾರಿಗೆ ಸಲ್ಲುತ್ತದೆಂಬ ಕೊನೆಯ ಮಾತು ನಿಯಮದ ಕ್ಲಾಸಿನದು. ಒಂದಷ್ಟು ಜನ ಹೆಚ್ಚಿಗೆ ಬಂದರೆ ಯಂತ್ರಕ್ಕೇನೂ ಸುಸ್ತಾಗುವುದಿಲ್ಲ. ಆ ‘ಆರು’ ಎಂಬ ಅಂಕಿಯನ್ನೂ ಕ್ವೆರಿ ನಿಯಮದ ಕ್ಲಾಸನ್ನೇ ಕೇಳಿ ಪಡೆದರೆ ಇನ್ನೂ ಒಳ್ಳೆಯದು.

ತರುವ ಕೆಲಸದ ವೇಷದಲ್ಲಿ ನಿಯಮವೊಂದು ನುಸುಳಿದರೆ ಎಷ್ಟು ದೊಡ್ಡ ಅನಾಹುತವಾಗಬಹುದೆಂದು ತೋರಿಸಿದ್ದು ಆಸ್ಟ್ರೇಲಿಯಾ ಸರ್ಕಾರ. ಅಲ್ಲಿನ ನಿರುದ್ಯೋಗ ಭತ್ಯೆ ಲೆಕ್ಕವಾಗುವುದು ಹದಿನಾಲ್ಕು ದಿನಕ್ಕೊಮ್ಮೆ: ಆ ಎರಡು ವಾರದಲ್ಲಿ ಎಷ್ಟು ದುಡಿದಿರಿ, ಅದರ ಮೇಲೆ ಭತ್ಯೆ. ತೆರಿಗೆ ಇಲಾಖೆಯ ಬಳಿ ಇದ್ದದ್ದು ವರ್ಷದ ಒಟ್ಟು ಆದಾಯ. 2016ರಿಂದ ದೊಡ್ಡ ಪ್ರಮಾಣದಲ್ಲಿ ನಡೆದ, ಜನ ‘ರೋಬೊಡೆಟ್’ ಎಂದು ಕರೆದ ಯೋಜನೆಯಲ್ಲಿ ವರ್ಷದ ಮೊತ್ತವನ್ನು 26ರಿಂದ ಭಾಗಿಸಿ, ಪ್ರತಿ ಎರಡು ವಾರವೂ ಅಷ್ಟಷ್ಟೇ ದುಡಿದಿದ್ದೀರಿ ಎಂದು ಹಿಡಿದು ಸಾಲದ ನೋಟಿಸು ಕಳಿಸಲಾಯಿತು. ಒಬ್ಬಾಕೆ ಆರು ತಿಂಗಳು ಕೆಲಸವಿಲ್ಲದೆ ಭತ್ಯೆ ಪಡೆದು, ಮಿಕ್ಕ ಆರು ತಿಂಗಳಲ್ಲಿ 26,000 ಡಾಲರ್ ದುಡಿದಳೆನ್ನಿ. ಯಂತ್ರದ ಕಣ್ಣಿಗೆ ಅವಳು ವರ್ಷಪೂರ್ತಿ ಎರಡು ವಾರಕ್ಕೆ 1,000 ಡಾಲರ್ ದುಡಿದವಳು, ಅಂದರೆ ಕೆಲಸವಿಲ್ಲದ ದಿನಗಳಲ್ಲಿ ಸುಳ್ಳು ಹೇಳಿ ಭತ್ಯೆ ಪಡೆದವಳು. ಅಲ್ಲವೆಂದು ಸಾಬೀತು ಮಾಡುವ ಹೊರೆಯೂ ಅವಳದೇ, ವರ್ಷಗಳ ಹಿಂದಿನ ಸಂಬಳದ ಚೀಟಿ ಹುಡುಕಿಕೊಂಡು.

ಇದನ್ನು ಪ್ರೋಗ್ರಾಮರುಗಳ ತಲೆಗೆ ಕಟ್ಟುವುದು ಅನ್ಯಾಯ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಈ ಸರಾಸರಿ ಪದ್ಧತಿಗೆ ಕಾನೂನಿನ ಬಲವಿಲ್ಲವೆಂಬ ಸಲಹೆ 2014ರಲ್ಲೇ ಇಲಾಖೆಯೊಳಗೆ ಬಂದಿತ್ತು, ಮೇಲಿದ್ದವರು ಮುಂದುವರಿದರು. ಕೊನೆಗೆ ವಿಕ್ಟೋರಿಯಾ ಲೀಗಲ್ ಏಡ್ ಹಿಡಿದ ಮೆಲ್ಬರ್ನಿನ ಮಹಿಳೆಯೊಬ್ಬರ ಪ್ರಕರಣದಲ್ಲಿ 2019ರ ನವೆಂಬರಿನಲ್ಲಿ ಸರ್ಕಾರ ಫೆಡರಲ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. 2020ರ ಮೇ ತಿಂಗಳಲ್ಲಿ 4.7 ಲಕ್ಷ ಸಾಲಗಳ 72.1 ಕೋಟಿ ಡಾಲರ್ ಹಿಂದಿರುಗಿಸುವುದಾಗಿ ಘೋಷಿಸಿತು. ಕ್ಯಾಥರೀನ್ ಹೋಮ್ಸ್ ನೇತೃತ್ವದ ರಾಯಲ್ ಕಮಿಷನ್ 2023ರ ಜುಲೈನಲ್ಲಿ ಇಡೀ ಕಥೆಯನ್ನು ದಾಖಲಿಸಿತು.

ಆದರೆ ತಂತ್ರಾಂಶ ಬರೆಯುವವರು ಅದರಲ್ಲಿ ನೋಡಬೇಕಾದ ಒಂದು ಸಾಲಿದೆ, 26ರಿಂದ ಭಾಗಿಸುವ ಸಾಲು. ಮೇಲ್ನೋಟಕ್ಕೆ ಅದು ಒಂದು ರೂಪದ ಡೇಟಾವನ್ನು ಇನ್ನೊಂದು ರೂಪಕ್ಕೆ ತಿರುಗಿಸುವ ಸಾಲು, ಹೈಬರ್ನೇಟ್‌ನಂಥ ಮ್ಯಾಪರ್ ಮಾಡುವ ಕೆಲಸ. ದಿನಾಂಕವನ್ನು ಅಕ್ಷರದಿಂದ ಸಂಖ್ಯೆಗೆ ತಿರುಗಿಸುವುದಿಲ್ಲವೇ, ಹಾಗೆ. ನಿಜದಲ್ಲಿ ಅದು ಇಡೀ ಯೋಜನೆಯ ಅತಿ ದೊಡ್ಡ ನಿಯಮ: ‘ಗೊತ್ತಿಲ್ಲದ ಎರಡು ವಾರದ ಆದಾಯವನ್ನು ಸರಾಸರಿಯೆಂದು ಹಿಡಿಯತಕ್ಕದ್ದು’. ಎರಡು ವಾರದ ಲೆಕ್ಕ ಕೇಳಿದಾಗ ಡೇಟಾ ಆ್ಯಕ್ಸೆಸ್ ಪದರ ಕೊಡಬೇಕಾದ ಉತ್ತರ ‘ಇಲ್ಲ’ ಎಂಬುದು. ಇಲ್ಲದ್ದನ್ನು ಏನು ಮಾಡಬೇಕೆಂಬುದು ನಿಯಮದ ಪದರದ ತೀರ್ಮಾನ, ಅಲ್ಲಿ ಅದು ಹೆಸರು ಹೊತ್ತು, ಸಹಿ ಬಿದ್ದು ಕೂರುತ್ತದೆ. ಖಾಲಿ ಜಾಗಕ್ಕೆ ಸದ್ದಿಲ್ಲದೆ ಒಂದು ಅಂಕಿ ತುಂಬುವ ರೆಪಾಸಿಟರಿಯನ್ನು ಕಂಡರೆ ನನಗೆ ಈಗ ಹೆದರಿಕೆ.

ಹಾಗೆಂದು ಎಲ್ಲ ಕಡೆ ಪದರ ಕಟ್ಟುವ ಚಟವೂ ಬೇಡ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಯಾರು ದುಡ್ಡು ಕಟ್ಟಿದ್ದಾರೆ, ಯಾರಿಗೆ ಊಟದ ಕೂಪನ್ನು ಎಂಬ ಲೆಕ್ಕಕ್ಕೆ ಇಂಟರ್‌ಫೇಸ್, ರೆಪಾಸಿಟರಿ, ಸರ್ವಿಸ್, ಫ್ಯಾಕ್ಟರಿ ಎಂದು ಹದಿನೆಂಟು ಫೈಲು ಮಾಡಿದ ಉತ್ಸಾಹಿಗಳಿದ್ದಾರೆ. ಅಲ್ಲಿ ಒಂದು ಸ್ಪ್ರೆಡ್‌ಶೀಟ್ ಧಾರಾಳ ಸಾಕು. ನಿಯಮವೇ ಇಲ್ಲದ ಕಡೆ ನಿಯಮಕ್ಕೊಂದು ಪದರ ಇಟ್ಟರೆ ಅದರ ಕೆಲಸ ಮೇಲಿನಿಂದ ಬಂದ ಕರೆಯನ್ನು ಕೆಳಕ್ಕೆ ದಾಟಿಸುವುದಷ್ಟೆ. ಎರಡನೆಯ ರಾಜ್ಯ ಸೇರಿದ ದಿನ, ಅಥವಾ ವಕೀಲರೊಬ್ಬರು ‘ಇದನ್ನು ಹೇಗೆ ಲೆಕ್ಕ ಹಾಕುತ್ತೀರಿ’ ಎಂದು ಮೊದಲ ಸಲ ಕೇಳಿದ ದಿನ ಬೇರ್ಪಡಿಸಿದರೂ ತಡವಾಗಿರುವುದಿಲ್ಲ.

ಹಾಗೆ ಬೇರ್ಪಡಿಸಲು ಕೂತಾಗ ಇನ್ನೊಂದು ವಿಷಯ ಹೊರಬೀಳುತ್ತದೆ. ನ್ಯೂ ಸೌತ್ ವೇಲ್ಸ್ ಕಾಯ್ದೆಯಲ್ಲಿ ಐದರಿಂದ ಹತ್ತು ವರ್ಷದೊಳಗೆ ಕೆಲಸ ಬಿಟ್ಟವರಿಗೂ ಪಾಲಿನ ಹಣ ಸಿಗಬಹುದು, ಕಾಯಿಲೆಯಿಂದಲೋ ಮನೆಯ ತೀರಾ ಒತ್ತಾಯದ ಕಾರಣದಿಂದಲೋ ಬಿಟ್ಟಿದ್ದರೆ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಆರು ವರ್ಷದ ಸೇವೆ ಬಿಟ್ಟು ಶಿವಮೊಗ್ಗಕ್ಕೆ ಹೊರಟವರು ಈ ಹಣ ಕೇಳಬಹುದು. ಈ ನಿಯಮವನ್ನು ಒಂದು ಕ್ಲಾಸಾಗಿ ಬರೆಯಹೊರಟರೆ ಮೊದಲ ಸಾಲಲ್ಲೇ ಅದು ಬಿಟ್ಟ ಕಾರಣವನ್ನು ಕೇಳುತ್ತದೆ. ರೆಪಾಸಿಟರಿಯ ಕಡೆ ತಿರುಗಿ ನೋಡಿದರೆ ಟೇಬಲ್ಲಿನಲ್ಲಿರುವುದು ‘ರಾಜೀನಾಮೆ’ ಎಂಬ ಒಂದೇ ಸಂಕೇತ. ಹಳೆಯ ಮುನ್ನೂರು ಸಾಲಿನ ಮೆಥಡ್ ಅಂಥವರಿಗೆಲ್ಲ ಸೊನ್ನೆ ಬರೆದು ಮುಂದೆ ಹೋಗುತ್ತಿತ್ತು. ಈಗ ಆ ಕಾಲಮ್ಮು ಬೇಕೆಂದು ಎಚ್‌ಆರ್ ಜೊತೆ ಜಗಳ ಶುರುವಾಗುತ್ತದೆ, ಕೆಲಸ ಬಿಡುವವರು ತುಂಬುವ ಫಾರಮ್ಮಿನಲ್ಲಿ ಇನ್ನೊಂದು ಪ್ರಶ್ನೆ ಸೇರಬೇಕಾಗುತ್ತದೆ.